ಅಣ್ಣನ ಬೋಟಿನಲ್ಲಿ ಸಿಗದ ಚಿಪ್

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳಲಿರುವ ಎರಡು ತಿಂಗಳ ರಗಳೆಯಲ್ಲಿ ಅರ್ಧ ತಪ್ಪು ಆ ಮೂಗಿನದೇ. ನಾನು ಕುಮಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ವಾರವಿಡೀ ಕುಮಟೆಯ ಬಾಡಿಗೆ ಕೋಣೆ, ಶನಿವಾರ ಭಾನುವಾರ ನಮ್ಮೂರು ಮಂಕಿಯ ಮನೆ. ಆ ಮನೆಯಲ್ಲಿ ಅಜ್ಜನ ಕಾಲದಿಂದಲೂ ಎಲ್ಲರೂ ಸಮುದ್ರ ನಂಬಿ ಬದುಕಿದವರು. ಕೈ ಒದ್ದೆ ಮಾಡಿಕೊಳ್ಳದೆ ಸಂಬಳ ತರುವವಳು ನನ್ನ ತಂಗಿ ಒಬ್ಬಳೇ ಎಂದು ಅಣ್ಣ ಊರಿಡೀ ಹೇಳಿಕೊಂಡು ತಿರುಗುತ್ತಾನೆ. ಅದು ಹೊಗಳಿಕೆಯೋ ಬೈಗುಳವೋ ಇವತ್ತಿನವರೆಗೂ ನನಗೆ ಗೊತ್ತಾಗಿಲ್ಲ.

ಅಣ್ಣ ತಾಂಡೇಲ, ಅಂದರೆ ಬೋಟು ನಡೆಸುವವನು. ಬೋಟು ಅವನದೇ. ಹೊನ್ನಾವರ ಬಂದರಿನಿಂದ ನಸುಕಿಗೆ ಹೊರಟು, ಶರಾವತಿ ಕಡಲು ಸೇರುವ ಅಳಿವೆ ದಾಟಿ, ದಿನವಿಡೀ ಬಲೆ ಹಾಕಿ, ಹೊತ್ತು ಮುಳುಗುವ ಮೊದಲು ತಿರುಗಿ ಬರುತ್ತಾನೆ. ಎರಡು ವರ್ಷದ ಹಿಂದೆ ಭಟ್ಕಳದ ಅಂಗಡಿಯೊಂದರಲ್ಲಿ ಗಲ್ಫಿನಿಂದ ಬಂದ ಹಳೆಯ ಸಣ್ಣ ಕಂಪ್ಯೂಟರ್ ಕೊಂಡು ನಾನು ಆ ಬೋಟಿನಲ್ಲಿ ಕೂರಿಸಿದೆ. ಕೂರಿಸು ಎಂದು ಯಾರೂ ಕೇಳಿರಲಿಲ್ಲ. ಪರದೆಯ ಮೇಲೆ ಸಮುದ್ರದ ನಕ್ಷೆ, ನಕ್ಷೆಯ ಮೇಲೆ ಬೋಟು ಹೋದ ಜಾಡು, ಬಲೆ ಸಿಕ್ಕಿ ಹರಿಯುವ ಕಲ್ಲುಗಳ ಗುರುತು. ಅದರ ಜೊತೆಗೆ ನನ್ನದೇ ಒಂದು ಕೈಚಳಕ: ಬೋಟು ಎಲ್ಲಿದೆ ಎಂದು ಹತ್ತು ನಿಮಿಷಕ್ಕೊಮ್ಮೆ ಆ ಕಂಪ್ಯೂಟರ್ ದಡಕ್ಕೆ ಸುದ್ದಿ ಕಳಿಸುತ್ತದೆ. ಅಷ್ಟು ದೂರದಲ್ಲಿ ಕೈಯಲ್ಲಿ ಹಿಡಿದ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಬೋಟಿನ ಕಂಬದ ತುದಿಗೆ ಕಟ್ಟಿದ ಆಂಟೆನಾಕ್ಕೆ ಮಾತ್ರ ಸಿಗುತ್ತದೆ. ಆ ಸುದ್ದಿ ಅತ್ತಿಗೆಯ ಫೋನಿನಲ್ಲಿ ಒಂದು ಕೆಂಪು ಚುಕ್ಕಿಯಾಗಿ ಕಾಣುತ್ತದೆ.

ಅತ್ತಿಗೆ ಹೊನ್ನಾವರದ ಮೀನುಪೇಟೆಯಲ್ಲಿ ಕೂರುತ್ತಾಳೆ. ಅಲ್ಲಿ ಅವಳ ಬಾಯಿಗೆ ಎದುರಿಲ್ಲ. ಬಂಗಡೆ ಮುಟ್ಟಿ ನೋಡಿ ಮೂಗು ಮುರಿದವರಿಗೆ, ಅದು ನಿಮ್ಮ ಮನೆಯ ಸೊಸೆಯಲ್ಲ, ಹಾಗೆಲ್ಲ ಪರೀಕ್ಷೆ ಮಾಡಬೇಡಿ ಎನ್ನುವವಳು. ಅಂಥವಳು ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಐಸಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಇಟ್ಟುಕೊಂಡು, ಎರಡು ಗಿರಾಕಿಗಳ ನಡುವೆ ಒಮ್ಮೆ ಅದರತ್ತ ನೋಡುತ್ತಿದ್ದಳು. ಯಾರಾದರೂ ಕೇಳಿದರೆ, "ಎಂತ ಇಲ್ಲ, ಗಂಟೆ ನೋಡ್ದೆ" ಎನ್ನುತ್ತಿದ್ದಳು. ಅವಳ ತಲೆಯ ಮೇಲೆಯೇ ಪೇಟೆಯ ದೊಡ್ಡ ಗಡಿಯಾರ ತೂಗುತ್ತಿತ್ತು.

ಮೊದಲ ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ಎರಡನೆಯ ವರ್ಷ, ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಮತ್ತೆ ಇಳಿದವು. ಇಳಿದ ವಾರವೇ ಚುಕ್ಕಿ ಮಾಯವಾಯಿತು. ಕಡಲು ಇನ್ನೂ ತಣ್ಣಗಾಗಿರಲಿಲ್ಲ, ಅಳಿವೆಯ ಬಾಯಲ್ಲಿ ತೆರೆ ಎದ್ದು ಬೀಳುತ್ತಿತ್ತು. ನಾನು ಲ್ಯಾಬಿನಲ್ಲಿದ್ದೆ. ಹೊರಗೆ ಬಂದು ನೋಡಿದರೆ ಅತ್ತಿಗೆ ಏಳು ಸಲ ಫೋನು ಮಾಡಿದ್ದಳು.

"ತಂಗಿ, ಚುಕ್ಕಿ ಕಾಣೂದಿಲ್ಲ. ಹನ್ನೊಂದು ಗಂಟೆಯಿಂದ ಕಾಣೂದಿಲ್ಲ" ಎಂದಳು.

"ನೆಟ್‌ವರ್ಕ್ ಇರ್ಲಿಕ್ಕಿಲ್ಲ ಅತ್ತಿಗೆ."

"ಹಂಗೇ ಇರ್ಲಿ" ಎಂದು ಫೋನಿಟ್ಟಳು.

ಆಮೇಲೆ ತಿಳಿಯಿತು: ಬುಟ್ಟಿಯ ಮೀನನ್ನು ಪಕ್ಕದವಳಿಗೆ ಒಪ್ಪಿಸಿ, ಅಳಿವೆಯ ಬದಿಯ ಮರಳಿಗೆ ಹೋಗಿ ನಿಂತಿದ್ದಳಂತೆ. ಅಣ್ಣ ಬಂದದ್ದು ನಾಲ್ಕು ಗಂಟೆಗೆ, ಬೋಟಿನ ತುಂಬ ತಾರ್ಲೆ ಮೀನು ಹೇರಿಕೊಂಡು, ಬಾಯಿ ತುಂಬ ನಗುತ್ತ. ಅಷ್ಟೂ ಹೊತ್ತು ಅತ್ತಿಗೆಯ ಹೊಟ್ಟೆಗೆ ಒಂದು ತುತ್ತು ಬಿದ್ದಿರಲಿಲ್ಲ. ಅವನನ್ನು ಕಂಡವಳೇ "ಐಸು ಸಾಕಾತಾ?" ಎಂದು ಕೇಳಿ, ಅಲ್ಲೇ ಮರಳ ಮೇಲೆ ಕುಸಿದು ಕೂತಳಂತೆ. ಇದನ್ನು ನನಗೆ ಹೇಳಿದವರು ಪೇಟೆಯ ಹೆಂಗಸರು. ಅತ್ತಿಗೆ ಹೇಳಲಿಲ್ಲ, ಅಣ್ಣನೂ ಹೇಳಲಿಲ್ಲ.

ಬಲೆ ಹೊಲಿದು ಡೀಸೆಲ್ ತುಂಬಲೆಂದು ಶನಿವಾರ ಬೋಟು ಬಂದರಿನಲ್ಲೇ ನಿಲ್ಲುತ್ತದೆ. ಆ ಶನಿವಾರ ನಾನು ಲ್ಯಾಪ್‌ಟಾಪು, ಟಾರ್ಚು, ಸ್ಕ್ರೂಡ್ರೈವರು ಹೊತ್ತು ಬೋಟು ಹತ್ತಿದೆ. ಅರ್ಧ ಗಂಟೆಯ ಕೆಲಸ ಎಂದು ಖಲಾಸಿಗಳ ಎದುರು ಹೇಳಿದೆ. ಖಲಾಸಿಗಳೆಂದರೆ ಬೋಟಿನಲ್ಲಿ ಬಲೆ ಎಳೆಯುವವರು. ಅವರ ಎದುರು ಹೇಳಿದ ಮಾತು ಬಂದರಿನಲ್ಲಿ ಹರಡಲು ಕಾಲು ಗಂಟೆ ಸಾಕು.

ರೋಗ ಪತ್ತೆಯಾಯಿತು. ಕಂಪ್ಯೂಟರಿನ ಒಳಗೆ ಒಂದು ಫ್ಯಾನ್ ಇದೆ. ಮದರ್‌ಬೋರ್ಡಿನ ಮೇಲೆ ಒಂದು ಸೆನ್ಸರ್ ಚಿಪ್ ಇದೆ. ಒಳಗೆ ಎಷ್ಟು ಬಿಸಿಯಾಗಿದೆ, ಫ್ಯಾನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಅಳೆಯುವುದು ಅದರ ಕೆಲಸ. ಆ ಚಿಪ್ಪನ್ನು ಮಾತಾಡಿಸಿ ಉತ್ತರ ತರುವ ಪುಟ್ಟ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಬಿಸಿ ಏರಿತು ಎಂದು ಡ್ರೈವರ್ ಹೇಳಿದರೆ ಫ್ಯಾನ್ ಜೋರಾಗುತ್ತದೆ. ಈಗ ಡ್ರೈವರಿಗೆ ಚಿಪ್ಪೇ ಸಿಗುತ್ತಿರಲಿಲ್ಲ. ಹಾಗಾಗಿ ಫ್ಯಾನ್ ಮೆಲ್ಲಗೆ ತೂಕಡಿಸುತ್ತಿತ್ತು, ಬಿಸಿಲೇರಿದಂತೆ ಕಂಪ್ಯೂಟರ್ ಕಾದು, ಸಾಯುವುದಕ್ಕಿಂತ ಮಲಗುವುದು ಮೇಲು ಎಂದು ತಾನಾಗಿ ಬಂದ್ ಆಗುತ್ತಿತ್ತು. ಕಂಪ್ಯೂಟರ್ ಬಂದ್, ಚುಕ್ಕಿಯೂ ಬಂದ್.

ಚಿಪ್ ಎಲ್ಲಿ ಎಂದು ಕೇಳಿದರೆ ಡ್ರೈವರ್ ಕೊಡುತ್ತಿದ್ದದ್ದು ಒಂದೇ ಸಾಲಿನ ಉತ್ತರ: ಅಂಥ ಸಾಧನ ಇಲ್ಲ. ಇಲ್ಲ ಅಂದರೆ? ಹೋದ ವರ್ಷ ಇತ್ತಲ್ಲ? ಅದೇನು ಎಮ್ಮೆಯೇ, ಹಗ್ಗ ಹರಿದುಕೊಂಡು ಹೋಗುವುದಕ್ಕೆ? ನಾನು ಕವಚ ಬಿಚ್ಚಿ ಟಾರ್ಚು ಬಿಟ್ಟು ನೋಡಿದೆ. ಚಿಪ್ ತನ್ನ ಜಾಗದಲ್ಲಿ ಬೆಸುಗೆ ಹಾಕಿಸಿಕೊಂಡು ಗಟ್ಟಿಯಾಗಿ ಕೂತಿತ್ತು. ಬೆನ್ನ ಮೇಲಿನ ನಂಬರನ್ನೂ ಓದಬಹುದಿತ್ತು. ಮತ್ತೆ ಕೇಳಿದೆ. ಅಂಥ ಸಾಧನ ಇಲ್ಲ.

ಅವತ್ತಿನಿಂದ ನನ್ನ ಪ್ರತಿ ಶನಿವಾರವನ್ನು ಆ ಚಿಪ್ ತಿಂದಿತು. ಹೊಸ ಡ್ರೈವರ್ ಹಾಕಿದೆ, ಇಲ್ಲ ಎಂದಿತು. ಹಳೆಯದು ಹಾಕಿದೆ, ಅದೂ ಇಲ್ಲ ಎಂದಿತು. ಡ್ರೈವರಿನ ಒಳಗಿನ ಸಾಲುಗಳನ್ನೇ ತಿದ್ದಿ, ಕುಮಟೆಯಲ್ಲಿ ವಾರವಿಡೀ ಕೂತು ಹೊಸದಾಗಿ ಕಟ್ಟಿ ತಂದೆ. ಇಲ್ಲ. ಕೊನೆಗೆ ಒಂದು ದಿನ ಸಿಟ್ಟು ನೆತ್ತಿಗೇರಿ, ನೀನು ಹುಡುಕಬೇಡ, ಅಲ್ಲಿ ಚಿಪ್ ಇದೆ ಎಂದು ನಾನು ಹೇಳುತ್ತೇನೆ, ನಂಬು ಎಂದು ಡ್ರೈವರನ್ನು ಒತ್ತಾಯಿಸಿದೆ. ಹಾಗೆ ಒತ್ತಾಯಿಸುವುದಕ್ಕೆ ದಾರಿಯಿದೆ. ಡ್ರೈವರ್ ನಂಬಿತು. ನಂಬಿ, ಒಳಗಿನ ಬಿಸಿ ಸೊನ್ನೆಗಿಂತ ಐವತ್ತೈದು ಡಿಗ್ರಿ ಕೆಳಗಿದೆ ಎಂದು ವರದಿ ಕೊಟ್ಟಿತು. ಹೊನ್ನಾವರ ಬಂದರಿನಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ನನ್ನ ರವಿಕೆ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಅಣ್ಣ ಇಣುಕಿ ನೋಡಿದ. ಅಂಕಿ ಅವನಿಗೂ ಓದಲು ಬರುತ್ತದೆ.

"ಚಲೋ ಆತು ತಂಗಿ. ನಾಳೆಯಿಂದ ಐಸು ತಕ್ಕಳೂದು ಬೇಡ. ಮೀನೆಲ್ಲ ಇದ್ರ ಒಳಗೇ ತುಂಬುವ" ಎಂದ.

ಖಲಾಸಿಗಳು ನಕ್ಕ ನಗು ಅಳಿವೆಯಾಚೆಗೂ ಕೇಳಿರಬೇಕು. ನಾನು ಎರಡು ದಿನ ಅಣ್ಣನ ಜೊತೆ ಮಾತು ಬಿಟ್ಟೆ. ಅವನಿಗೆ ಅದು ಗೊತ್ತಾದಂತೆ ಕಾಣಲಿಲ್ಲ.

ಈ ಡ್ರೈವರುಗಳನ್ನು ಬರೆಯುವವರು ಜಗತ್ತಿನ ಮೂಲೆಮೂಲೆಗಳಲ್ಲಿ ಕೂತಿರುತ್ತಾರೆ. ಬಹಳ ಜನ ಸಂಬಳವಿಲ್ಲದೆ, ಹುಚ್ಚಿಗೆ ಮಾಡುವವರು. ಅವರೆಲ್ಲ ಸೇರುವ ಜಾಗಕ್ಕೆ ನಾನೊಂದು ಉದ್ದನೆಯ ಪತ್ರ ಬರೆದೆ. ಹಿಮ ಬೀಳುವ ಯಾವುದೋ ದೇಶದಿಂದ ಒಬ್ಬರು ಒಂದೇ ಸಾಲಿನಲ್ಲಿ ಉತ್ತರಿಸಿದರು: ಬೋರ್ಡಿನ ಸ್ವಂತ ಸೆಟ್ಟಿಂಗಿನಲ್ಲಿ ಸೆನ್ಸರ್ ಭಾಗ ಚಾಲೂ ಇದೆಯೇ ಎಂದು ನೋಡಿದ್ದೀರಾ? ಕಂಪ್ಯೂಟರ್ ಪೂರ್ತಿ ಏಳುವ ಮೊದಲು ಒಂದು ಕೀಲಿ ಒತ್ತಿದರೆ ನೀಲಿ ಪರದೆ ಬರುತ್ತದೆ. ಬೋರ್ಡಿನ ಯಾವ ಭಾಗ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಅಲ್ಲಿ ಹೇಳುವುದು. ಲ್ಯಾಬಿಗೆ ಬರುವ ಮೊದಲ ವರ್ಷದ ಮಕ್ಕಳಿಗೂ ನಾನು ಇದನ್ನು ಹೇಳಿಕೊಡುತ್ತೇನೆ. ನನ್ನನ್ನು ಏನೆಂದು ತಿಳಿದಿದ್ದಾರೆ ಇವರು? ಕಂಪ್ಯೂಟರ್ ಕೂರಿಸಿದ ದಿನವೇ ಆ ಭಾಗವನ್ನು ನನ್ನ ಕೈಯಾರೆ ಚಾಲೂ ಮಾಡಿದ್ದೆ. ಹಾಗೆಂದು ನಾಲ್ಕು ಪ್ಯಾರಾ ಬರೆದು ಕಳಿಸಿದೆ. ಆ ಮೇಲೆ ಅವರು ಉತ್ತರ ಬರೆಯಲಿಲ್ಲ. ಪುಣ್ಯಾತ್ಮರು.

ಇಲ್ಲಿ ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಪ್ರತಿ ಶನಿವಾರ ಆ ಕಂಪ್ಯೂಟರ್ ಹಚ್ಚಿದಾಗಲೂ ಅದರ ಗಡಿಯಾರ ಎಷ್ಟೋ ವರ್ಷ ಹಿಂದಿನ ಒಂದು ಜನವರಿ ಒಂದನೇ ತಾರೀಖನ್ನು ತೋರಿಸುತ್ತಿತ್ತು. ಪ್ರತಿ ಶನಿವಾರವೂ ನಾನು ಉಪ್ಪುಗಾಳಿಯನ್ನು ಬೈದು, ತಾರೀಖು ಸರಿಮಾಡಿ, ಮುಖ್ಯ ಕೆಲಸಕ್ಕೆ ತೊಡಗುತ್ತಿದ್ದೆ. ಇದನ್ನೇ ನನ್ನ ವಿದ್ಯಾರ್ಥಿ ಯಾರಾದರೂ ಬಂದು ಹೇಳಿದ್ದರೆ, ತಲೆ ಎತ್ತದೆಯೇ ಕಾರಣ ಹೇಳಿ ಕಳಿಸುತ್ತಿದ್ದೆ. ಬೇರೆಯವರ ಕಂಪ್ಯೂಟರಿನಲ್ಲಿ ಕಾಣುವುದು ನಮ್ಮ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ.

ಇಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಅಣ್ಣನಿಗೆ ಮೀನು ಸಿಗುವುದು ಕಡಿಮೆಯಾಗಿತ್ತು. ವಾರದಲ್ಲಿ ಒಂದೆರಡು ದಿನ ಮಧ್ಯಾಹ್ನಕ್ಕೇ ತಿರುಗಿ ಬರುತ್ತಿದ್ದ, ಬುಟ್ಟಿಯ ತಳ ಮುಚ್ಚುವಷ್ಟೂ ಇರುತ್ತಿರಲಿಲ್ಲ. ಕೇಳಿದರೆ "ಮೀನಿಲ್ಲ" ಎನ್ನುತ್ತಿದ್ದ. ಅತ್ತಿಗೆಯ ನಾಲಿಗೆ ಸುಮ್ಮನಿರುತ್ತದೆಯೇ? ಚುಕ್ಕಿ ಹೋದ ದಿನಗಳಲ್ಲಿ ಅವಳಿಗೆ ಮೊದಲೇ ಜೀವ ಕೈಯಲ್ಲಿ. ಅವನು ಜೀವಂತ ಬಂದ ಸಮಾಧಾನವೆಲ್ಲ ಬೈಗುಳವಾಗಿ ಹೊರಗೆ ಬರುತ್ತಿತ್ತು.

"ಬಂದರಿನ ಎಲ್ಲ ಬೋಟಿಗೂ ಮೀನ್ ಸಿಕ್ತದೆ. ನಮ್ಮವ್ರಿಗೆ ಮಾತ್ರ ಸಮುದ್ರ ಖಾಲಿ. ವಯಸ್ಸಾತು, ಮೀನಿನ ದಾರಿ ಮರ್ತ್ ಹೋತು" ಎಂದು ಖಲಾಸಿಗಳ ಎದುರೇ ಹೇಳಿದ್ದಳು.

ಅಣ್ಣ ಗೋರ್ಕಲ್ಲಿನ ಹಾಗೆ ಕೂತಿದ್ದ. ತಾಂಡೇಲನಿಗೆ ಮೀನಿನ ದಾರಿ ಮರೆತಿದೆ ಎನ್ನುವುದಕ್ಕಿಂತ ದೊಡ್ಡ ಮಾತಿಲ್ಲ. ಆ ಸಿಟ್ಟನ್ನು ನನ್ನ ಮೇಲೆ ತೀರಿಸಿದ.

"ತಂಗಿ, ಈ ಅಮಾಸೆ ಒಳಗೆ ಇದು ಸರಿ ಆಗ್ಬೇಕು. ಆಗ್ದಿದ್ರೆ ಕಿತ್ತು ಕೊಡ್ತೆ, ತಕಂಡ್ ಹೋಗು. ಇದನ್ನ ಕಟ್ಟಿಕಂಡು ನಂಗೆ ದಂಧೆ ಮಾಡೂಕೆ ಆಗೂದಿಲ್ಲ."

ಅಜ್ಜನ ಕಾಲದ ತಾಂಡೇಲ, ಯಂತ್ರ ಕಂಡರಾಗದವನು, ನೆಪ ಹುಡುಕುತ್ತಿದ್ದಾನೆ ಎಂದುಕೊಂಡೆ. ನನಗೆ ಅತ್ತಿಗೆಯದೇ ಚಿಂತೆ. ಕಂಪ್ಯೂಟರ್ ಕಿತ್ತರೆ ಅವಳ ಚುಕ್ಕಿ ಶಾಶ್ವತವಾಗಿ ಹೋಗುತ್ತದೆ. ಮೊದಲು ಚುಕ್ಕಿ ಇಲ್ಲದೆಯೂ ಇಪ್ಪತ್ತು ವರ್ಷ ಸಂಸಾರ ಮಾಡಿದ್ದಳು, ನಿಜ. ಆದರೆ ಒಮ್ಮೆ ನೋಡಿ ಅಭ್ಯಾಸವಾದ ಕಣ್ಣಿಗೆ ನೋಡಬೇಡ ಎಂದರೆ ಹೇಗೆ? ಅಭ್ಯಾಸ ಮಾಡಿಸಿದವಳು ನಾನೇ. ಅವಳನ್ನು ಆ ಮರಳಿನಲ್ಲಿ ತಂದು ನಿಲ್ಲಿಸಿದವಳೂ ನಾನೇ.

ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ, ಒಂದು ಶನಿವಾರ, ಕಂಪ್ಯೂಟರ್ ಮಾರಿದ ಭಟ್ಕಳದ ಅಂಗಡಿಗೆ ಹೋದೆ. ಜಗಳ ಮಾಡುವ ಉದ್ದೇಶದಿಂದಲೇ ಹೋದದ್ದು. ಚಿಪ್ ಸತ್ತಿದೆ, ಬೋರ್ಡು ಬದಲಿಸಿ ಎನ್ನಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅಂಗಡಿಯ ಯಜಮಾನರು ಮನೆಯಲ್ಲಿ ನವಾಯತಿ ಮಾತಾಡುವ ಹಿರಿಯರು. ಗಿರಾಕಿ ಯಾವ ಭಾಷೆಯವನೋ ಆ ಭಾಷೆಯಲ್ಲಿ ಸಮಾಧಾನ ಹೇಳಬಲ್ಲವರು. ಹಾಲಿಲ್ಲದ ಚಹಾ ತರಿಸಿ ನನ್ನ ಮುಂದಿಟ್ಟು, ನನ್ನ ಇಡೀ ಭಾಷಣ ಕೇಳಿದರು.

"ನಾನು ಕೊಟ್ಟಾಗ ಫ್ಯಾನು ಓಡ್ತಿತ್ತಾ?"

"ಓಡ್ತಿತ್ತು."

"ಪೂರಾ ಒಂದು ಸೀಜನ್ ಓಡ್ತಾ?"

"ಓಡ್ತು. ಮಳೆಗಾಲದ ನಿಷೇಧದವರೆಗೂ ಓಡ್ತು."

"ಆಮೇಲೆ ಓಡ್ಲಿಲ್ಲ. ಹಾಗಾದ್ರೆ ಆ ಎರಡು ತಿಂಗಳು ಅದಕ್ಕೆ ಯಾರ ಕೈ ತಾಗಿದೆ ಅಂತ ಮನೆಯಲ್ಲಿ ಕೇಳಿ ಮೇಡಂ. ನೀವು ಪರದೇಶದವರನ್ನೆಲ್ಲ ಕೇಳಿದ್ರಿ, ಮನೆಯವರನ್ನ ಕೇಳ್ಲಿಲ್ಲ."

ಚಹಾ ಕುಡಿದು ಬಸ್ಸು ಹತ್ತಿದೆ. ಮನೆಯವರನ್ನು ಕೇಳುವುದು ಏನನ್ನು? ಅಣ್ಣನಿಗೆ ಕಂಪ್ಯೂಟರ್ ಹಚ್ಚುವ ಗುಂಡಿ ಒಂದು ಬಿಟ್ಟರೆ ಬೇರೆ ಗೊತ್ತಿಲ್ಲ. ಅತ್ತಿಗೆಗೆ ಅದೂ ಗೊತ್ತಿಲ್ಲ. ಹೀಗೆಂದುಕೊಳ್ಳುತ್ತ ಮಂಕಿಯಲ್ಲಿ ಇಳಿದೆ.

ಅತ್ತಿಗೆ ಬಾವಿಕಟ್ಟೆಯ ಹತ್ತಿರ ನೊಗಲಿ ಮೀನು ಹೆಚ್ಚುತ್ತಿದ್ದಳು. ಕೇಳಬೇಕಲ್ಲ ಎಂದು ಕೇಳಿದೆ.

"ಅತ್ತಿಗೆ, ಮಳೆಗಾಲದಲ್ಲಿ ಬೋಟು ಕಟ್ಟಿಹಾಕಿದ್ದಾಗ ಆ ಕಂಪ್ಯೂಟರ್ ಯಾರಾದ್ರೂ ಮುಟ್ಟಿದ್ರಾ?"

"ಯಾರ್ ಮುಟ್ತ್ರು? ಬ್ಯಾಟ್ರಿ ತೆಗ್ದದ್ದು ಬಿಟ್ರೆ ಯಾರೂ ಎಂತೂ ಮುಟ್ಲಿಲ್ಲ."

"ಎಂಜಿನ್ನಿನ ದೊಡ್ಡ ಬ್ಯಾಟ್ರಿ ಅಲ್ದಾ?"

"ದೊಡ್ಡದೂ ತೆಗ್ದೆ, ಸಣ್ಣದೂ ತೆಗ್ದೆ" ಎಂದಳು ಅತ್ತಿಗೆ, ಮೀನಿನಿಂದ ಕಣ್ಣು ತೆಗೆಯದೆ.

ನಮ್ಮ ಕಡೆಯ ಬೋಟಿನ ಮನೆಗಳ ಪದ್ಧತಿ ಹೇಳದೆ ಇದು ಅರ್ಥವಾಗುವುದಿಲ್ಲ. ನಿಷೇಧ ಶುರುವಾದ ಕೂಡಲೇ ಎಂಜಿನ್ನಿನ ಬ್ಯಾಟರಿಗಳನ್ನು ಬಿಚ್ಚಿ ಮನೆಗೆ ತರುತ್ತಾರೆ. ಬೋಟಿನಲ್ಲೇ ಬಿಟ್ಟರೆ ಎರಡು ತಿಂಗಳ ಮಳೆಗೆ, ಉಪ್ಪಿಗೆ ಹಾಳಾಗುತ್ತವೆ. ತಂದ ಮೇಲೆ ಅವು ಮನೆಯ ಹೆಂಗಸರ ಪಾಲು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ತುದಿಗಳನ್ನು ಉಜ್ಜಿ, ಗ್ರೀಸು ಸವರಿ, ಮರದ ಹಲಗೆಯ ಮೇಲೆ ಸಾಲಾಗಿ ಇಡಬೇಕು. ಬರಿ ನೆಲದ ಮೇಲೆ ಇಡಬಾರದು, ನೆಲ ಕರೆಂಟು ಕುಡಿಯುತ್ತದೆ ಎಂಬ ನಂಬಿಕೆ. ನಮ್ಮ ಮನೆಯಲ್ಲಿ ಈ ಕೆಲಸವನ್ನು ಅತ್ತಿಗೆಯಷ್ಟು ನೇಮದಿಂದ ಮಾಡುವವರಿಲ್ಲ. ಅವಳು ಜೋಪಾನ ಮಾಡಿದ ಬ್ಯಾಟರಿ ಆಗಸ್ಟಿನಲ್ಲಿ ಒಂದೇ ಸಲಕ್ಕೆ ಎಂಜಿನ್ ಎಬ್ಬಿಸುತ್ತದೆ ಎಂದು ಬಂದರಿನಲ್ಲೇ ಹೆಸರು.

ಆ ವರ್ಷ ಅವಳು ಬೋಟಿಗೆ ಹೋದಾಗ ಕಂಪ್ಯೂಟರಿನ ಕವಚದ ಸಂದಿಯಲ್ಲಿ ಜಿರಳೆ ಕಂಡಿತಂತೆ. ಬಿಚ್ಚಿ ಒರೆಸಿದ್ದಾಳೆ. ಒಳಗೆ ನಾಣ್ಯದಷ್ಟು ದೊಡ್ಡ ಒಂದು ಸೆಲ್ಲು, ಮೇಲೆ ಕೂಡಿಸುವ ಗುರುತು. ದೊಡ್ಡ ಬ್ಯಾಟರಿಯ ಮೇಲೂ ಅದೇ ಗುರುತು ಇರುತ್ತದಲ್ಲ. ಇದೂ ಬ್ಯಾಟರಿ, ಪಾಪ, ಸಣ್ಣದು, ಇದನ್ನೇಕೆ ಮಳೆಗೆ ಬಿಡಬೇಕು ಎಂದು ತಲೆಯ ಪಿನ್ನಿನಿಂದ ಎಬ್ಬಿಸಿ ತಂದಿದ್ದಾಳೆ. ಆಗಸ್ಟಿನಲ್ಲಿ ಬ್ಯಾಟರಿ ಒಯ್ಯಲು ಖಲಾಸಿಗಳು ಮನೆಗೆ ಬಂದಾಗ ಅವಳು ಪೇಟೆಯಲ್ಲಿದ್ದಳು. ಅವರು ದೊಡ್ಡವೆರಡನ್ನು ಹೊತ್ತು ಹೋದರು. ಸಣ್ಣದರ ಸುದ್ದಿ ಯಾರಿಗೂ ಗೊತ್ತಿರಲಿಲ್ಲ, ಕೇಳುವವರೂ ಇರಲಿಲ್ಲ.

ಅತ್ತಿಗೆ ಕೈ ತೊಳೆದು, ಒಳಗೆ ಹೋಗಿ ಬಿಸ್ಕೀಟಿನ ಡಬ್ಬಿ ತಂದಳು. ಅದರಲ್ಲಿ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿಟ್ಟ ಸೆಲ್ಲು. ಎರಡೂ ಬದಿಗೆ ತೆಳುವಾಗಿ ಗ್ರೀಸು ಸವರಿತ್ತು. ಡಬ್ಬಿಯ ತಳಕ್ಕೆ ಒಂದು ತುಂಡು ಮರದ ಹಲಗೆಯನ್ನೂ ಇಟ್ಟಿದ್ದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಆ ಕೆಲಸ ನಾನು ಎರಡು ತಿಂಗಳು ಮಾಡಿದ್ದೆ. ಕಂಪ್ಯೂಟರಿಗೆ ಬೇರೆಲ್ಲೂ ಕರೆಂಟು ಇಲ್ಲದಿದ್ದಾಗ ಬೋರ್ಡಿನ ನೆನಪು ಉಳಿಯುವುದು ಆ ಸೆಲ್ಲಿನಿಂದ. ಅದು ಹೋದರೆ ತಾರೀಖು ಮರೆಯುತ್ತದೆ. ನೀಲಿ ಪರದೆಯಲ್ಲಿ ನಾವು ಹೇಳಿದ್ದೆಲ್ಲ ಮರೆಯುತ್ತದೆ. ಆ ಬೋರ್ಡಿನ ಹುಟ್ಟುಗುಣ ಸೆನ್ಸರ್ ಭಾಗವನ್ನು ಮುಚ್ಚಿಡುವುದು. ಚಾಲೂ ಮಾಡಿದ್ದು ನಾನು, ನೆನಪಿಟ್ಟುಕೊಂಡದ್ದು ಸೆಲ್ಲು. ಡ್ರೈವರ್ ಸುಳ್ಳು ಹೇಳಿರಲಿಲ್ಲ. ಹಿಮದ ದೇಶದವರು ಒಂದೇ ಸಾಲಿನಲ್ಲಿ ಸರಿಯಾಗಿಯೇ ಕೇಳಿದ್ದರು.

ನಾನು ನಗಲು ಶುರುಮಾಡಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನಗುತ್ತಲೇ ಎಲ್ಲವನ್ನೂ ಅವಳಿಗೆ ವಿವರಿಸಿದೆ. ಆ ಬುದ್ಧಿ ನನಗೆ ಬೇಡವಾಗಿತ್ತು. ಅತ್ತಿಗೆ ನಗಲಿಲ್ಲ.

"ಹಂಗಾರೆ ಚುಕ್ಕಿ ಕಳ್ದದ್ದು ನಾನೇ ಅಲ್ದಾ" ಎಂದಳು.

"ಛೆ, ಹಂಗಲ್ಲ ಅತ್ತಿಗೆ. ತಾರೀಖು ತಪ್ಪು ಬರ್ತಿತ್ತು, ಅದು ನಂಗೆ ಕಾಣ್ಬೇಕಿತ್ತು. ಒಂದು ಮಾತು ನಿನ್ನ ಕೇಳ್ಬೇಕಿತ್ತು."

ಇದು ಬರಿ ಸಮಾಧಾನದ ಮಾತಾಗಿರಲಿಲ್ಲ, ನಿಜವಾಗಿ ನನಗೆ ನಾಚಿಕೆಯಾಗಿತ್ತು. ಅವಳಿಗೇನು ಗೊತ್ತು ಎಂದು ಎರಡು ತಿಂಗಳು ನಾನು ಅವಳನ್ನು ಕೇಳಿರಲೇ ಇಲ್ಲ. ಅವಳು ಮತ್ತೆ ಮೀನು ಹೆಚ್ಚಲು ಕೂತಳು.

ಮರುದಿನ ಬೋಟಿನ ಎಂಜಿನ್ ಎಣ್ಣೆ ಬದಲಿಸುವ ದಿನ, ಸಮುದ್ರಕ್ಕೆ ಅವತ್ತೂ ರಜೆ. ಹೊನ್ನಾವರದ ವಾಚು ರಿಪೇರಿ ಅಂಗಡಿಯಲ್ಲಿ ಹೊಸ ಸೆಲ್ಲು ಕೊಂಡು ಬೋಟು ಹತ್ತಿದೆ. ಈ ಸಲ ಅರ್ಧ ಗಂಟೆ ಎಂದು ಯಾರಿಗೂ ಹೇಳಲಿಲ್ಲ. ಸೆಲ್ಲು ಕೂರಿಸಿ, ನೀಲಿ ಪರದೆಗೆ ಹೋಗಿ, ಮುಚ್ಚಿದ್ದ ಭಾಗವನ್ನು ತೆರೆದು, ಮತ್ತೆ ಹಚ್ಚಿದೆ. ಡ್ರೈವರ್ ಒಂದೇ ಸಲಕ್ಕೆ ಚಿಪ್ಪನ್ನು ಗುರುತಿಸಿತು. ನಲವತ್ತಾರು ಡಿಗ್ರಿ ಎಂದಿತು. ಫ್ಯಾನ್ ಗುಯ್ಯೆಂದು ಎದ್ದಿತು. ನನಗೆ ಕುಣಿಯಬೇಕೆನಿಸಿತು, ಆದರೆ ಆ ಗೂಡಿನಲ್ಲಿ ಕುಣಿದರೆ ತಲೆ ಮೇಲಿನ ಹಲಗೆಗೆ ಬಡಿಯುತ್ತದೆ. ಕೂತಲ್ಲೇ ಎರಡು ಸಲ ತೊಡೆ ತಟ್ಟಿಕೊಂಡೆ.

ಎರಡು ತಿಂಗಳಲ್ಲಿ ಎಷ್ಟು ಸಲ ಬಂದ್ ಆಗಿತ್ತು ಎಂದು ಲೆಕ್ಕ ನೋಡುವ ಚಪಲ ಹುಟ್ಟಿತು. ಬೋಟು ಹೋದ ಜಾಡೆಲ್ಲ ದಿನದಿನವೂ ಒಳಗೆ ಉಳಿದಿರುತ್ತದೆ. ಅದರ ಸಮಯ ಉಪಗ್ರಹದಿಂದ ಬರುವುದರಿಂದ ಮರೆಗುಳಿ ಗಡಿಯಾರದ ಕಾಟ ಅದಕ್ಕಿಲ್ಲ. ಮೀನು ಸಿಗುವ ದಿನದ ಜಾಡು ಸುತ್ತುಸುತ್ತಾಗಿರುತ್ತದೆ: ಬಲೆ ಹಾಕಿದ್ದು, ತಿರುಗಿದ್ದು, ಎಳೆದದ್ದು, ಮತ್ತೆ ಹಾಕಿದ್ದು. ಕಂಪ್ಯೂಟರ್ ಬಂದ್ ಆದಲ್ಲಿ ಗೆರೆ ತುಂಡಾಗುತ್ತದೆ. ಆರಿದ ಮೇಲೆ ಖಲಾಸಿಗಳು ಮತ್ತೆ ಗುಂಡಿ ಒತ್ತಿದಲ್ಲಿಂದ ಗೆರೆ ಮುಂದುವರಿಯುತ್ತದೆ. ಆದರೆ ಚುಕ್ಕಿ ಮರಳುವುದಿಲ್ಲ: ದಡದೊಂದಿಗೆ ಕಡಿದ ಸಂಪರ್ಕ ಮತ್ತೆ ಕೂಡಲು ಬಂದರಿನ ಹತ್ತಿರದ ಗಟ್ಟಿ ಸಿಗ್ನಲ್ ಬೇಕು. ಆಗಸ್ಟಿನ ಆ ಮೊದಲ ದಿನ ತುಂಡಾದ ಗೆರೆ ಮುಂದೆಯೂ ಸುತ್ತುತ್ತಲೇ ಇತ್ತು. ಅದರ ನಂತರದ ತುಂಡುಗಳು ಒಂಬತ್ತು. ಒಂಬತ್ತರಲ್ಲೂ ಮುಂದುವರಿದ ಗೆರೆ ಒಂದೇ ಥರ: ನೆಟ್ಟಗೆ, ಎಲ್ಲೂ ತಿರುಗದೆ, ಅಳಿವೆಯ ಕಡೆಗೆ. ಒಂದು ದಿನವಂತೂ ಬಲೆ ಹಾಕಿ ಅರ್ಧ ಗಂಟೆಯೂ ಆಗಿರಲಿಲ್ಲ.

ನಾನು ಬಹಳ ಹೊತ್ತು ಆ ಗೆರೆಗಳನ್ನು ನೋಡಿದೆ. ಅಣ್ಣ ಹೊರಗೆ ಹಲಗೆಯ ಮೇಲೆ ಕೂತು ಬಲೆಯ ಹರಕು ಹೊಲಿಯುತ್ತಿದ್ದ. ಹೋಗಿ ಪಕ್ಕದಲ್ಲಿ ಕೂತೆ.

"ಅಣ್ಣ, ಮೀನಿಲ್ಲ ಅಂತ ಬೇಗ ಬತ್ತಿದ್ಯಲ್ಲ. ಮೀನಿತ್ತು ಅಲ್ದಾ?"

ಅವನು ಸೂಜಿ ನಿಲ್ಲಿಸಲಿಲ್ಲ. "ನಿನ್ನ ಡಬ್ಬಿ ಚಾಡಿ ಹೇಳ್ತಾ?"

"ಹೇಳ್ತು."

"ಇತ್ತು. ಮೀನೆಂತ, ಸಮುದ್ರದಲ್ಲಿ ಯಾವಾಗ್ಲೂ ಅದೆ." ಹರಕಿಗೆ ಒಂದು ಗಂಟು ಹಾಕಿದ. ಆಮೇಲೆ ಹೇಳಿದ: "ಆ ದಿನ ದಡಕ್ಕೆ ಬಂದಾಗ ಅವಳ್ನ ನೋಡಿದ್ನಲ್ಲ ನಾನು. ಅದ್ರ ಮೇಲೆ ಪರದೆ ಕಪ್ಪಾತು ಅಂದ್ರೆ ಕೈಯೇ ಓಡೂದಿಲ್ಲ. ಅವ್ಳು ಅಲ್ಲಿ ಉಣ್ದೆ ನಿಂತಿರ್ತ್ಳು. ಬಲೆ ಎಳ್ದು ಎಂತ ಮಾಡೂದು?"

"ಹಂಗಾರೆ ಕಿತ್ತು ಕೊಡ್ತೆ ಅಂದದ್ದು?"

"ಮತ್ತೆಂತ ಮಾಡ್ಲಿ? ಇದು ಹೀಂಗೇ ಸಾಯ್ತಿದ್ರೆ ನಾನು ಸಮುದ್ರಕ್ಕೆ ಹೋಗೂದು ಎಂತಕ್ಕೆ?"

ನನ್ನ ಅಣ್ಣನನ್ನು ನಾನು ನಲವತ್ತು ವರ್ಷದಿಂದ ಬಲ್ಲೆ ಎಂದುಕೊಂಡಿದ್ದೆ. ಮೀನಿನ ದಾರಿ ಮರೆತಿದೆ ಎಂದು ಎಲ್ಲರ ಎದುರು ಅನ್ನಿಸಿಕೊಂಡೂ ಬಾಯಿ ಬಿಡದವನ ಮೇಲೆ ಪ್ರೀತಿಯೂ ಸಿಟ್ಟೂ ಒಟ್ಟಿಗೆ ಬಂತು.

"ಅವ್ಳ ಹತ್ರ ಹೇಳ್ಬೇಡ" ಎಂದ.

"ಹೇಳೂದಿಲ್ಲ" ಎಂದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ.

ಅತ್ತಿಗೆ ಅಕ್ಕಿ ಆರಿಸುತ್ತಿದ್ದಳು. ನಾನು ಲ್ಯಾಪ್‌ಟಾಪು ತೆರೆದು ಒಂಬತ್ತು ಗೆರೆಗಳನ್ನೂ ಒಂದೊಂದಾಗಿ ತೋರಿಸಿದೆ. ನಕ್ಷೆ ಓದುವುದು ಅವಳಿಗೆ ಬರುವುದಿಲ್ಲ. ಆದರೆ ನೆಟ್ಟಗಿನ ಗೆರೆ ಯಾರಿಗಾದರೂ ಅರ್ಥವಾಗುತ್ತದೆ. ಒಂಬತ್ತನೆಯದು ಮುಗಿದ ಮೇಲೆ ಮೊರವನ್ನು ಕೆಳಗಿಟ್ಟು, "ಮೀನಿನ ದಾರಿ ಮರ್ತ್ ಹೋತು ಅಂದಿದ್ದೆ ನಾನು. ಖಲಾಸಿಗಳ ಎದ್ರಿಗೆ" ಎಂದಳು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಮೊರ ಎತ್ತಿಕೊಂಡಳು. ಅಣ್ಣ ಬಂದಾಗ ಅವನಿಗೆ ಊಟ ಬಡಿಸಿದಳು. ಬೈಯಲಿಲ್ಲ. ಬೈಗುಳವಿಲ್ಲದ ಊಟ ಅವನಿಗೆ ಸೇರಲಿಲ್ಲವೆಂದು ಕಾಣುತ್ತದೆ, ನನ್ನನ್ನು ಎರಡು ಸಲ ದುರುಗುಟ್ಟಿ ನೋಡಿದ.

ಸೋಮವಾರ ಬೆಳಗಿನ ಜಾವ ಅವನು ಹೊರಟಾಗ ನಾನೂ ಎದ್ದಿದ್ದೆ, ಕುಮಟೆಯ ಮೊದಲ ಬಸ್ಸು ಹಿಡಿಯಬೇಕಿತ್ತು. ಅತ್ತಿಗೆ ಬುತ್ತಿ ಹಿಡಿದು ಅಂಗಳಕ್ಕೆ ಬಂದಳು. ಬುತ್ತಿ ಕೊಡುವಾಗ ಅವಳು ಎಂದೂ ಮಾತಾಡುವುದಿಲ್ಲ. ಅವತ್ತು ಬುತ್ತಿಯನ್ನು ಕೊಟ್ಟೂ ಕೈ ಬಿಡದೆ ನಿಂತಳು.

"ಇವತ್ತು ಚುಕ್ಕಿ ಹೋದ್ರೆ ಹೋಗ್ಲಿ" ಎಂದಳು. "ನೀವು ಬಲೆ ಪೂರ್ತಿ ಎಳ್ದೇ ಬನ್ನಿ. ನಾನು ಉಂಡ್ಕಂಡೇ ಇರ್ತೆ."